ತೋಟ ಯಾವಾಗ ಎಸ್ಟೇಟ್ ಆಗುತ್ತದೆ? ಈ ಪದ ಬಂದದ್ದು ಎಲ್ಲಿಂದ?

ಗಿರಿಗಾಳಿ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ದಿನಾ ಬಾಯಿಗೆ ಬರುವ ಪದ ಇದು. "ಎಸ್ಟೇಟ್‌ಗೆ ಹೋಗಿದ್ದೆ", "ಎಸ್ಟೇಟ್‌ನವರು ಬಂದಿದ್ದರು", "ಎಸ್ಟೇಟ್ ಜೀಪು". ಆದರೆ ಪಕ್ಕದವರದ್ದೂ ಕಾಫಿಯೇ, ಅದನ್ನು ತೋಟ ಅನ್ನುತ್ತೇವೆ. ಗಿಡ ಅದೇ, ನೆರಳಿನ ಮರ ಅದೇ, ಮಳೆಯೂ ಅದೇ. ಬೇಲಿಯ ಈ ಕಡೆ ತೋಟ, ಆ ಕಡೆ ಎಸ್ಟೇಟ್. ಎಕರೆ ಲೆಕ್ಕವಾ? ಬೇರೆ ಏನಾದರೂ ಇದೆಯಾ?

ಇನ್ನೊಂದು ಪ್ರಶ್ನೆ. ಇದೇ ಪದ ಬೆಂಗಳೂರಿನಲ್ಲಿ ರಿಯಲ್ ಎಸ್ಟೇಟ್. ಹಾಸನದಲ್ಲಿ ಇಂಡಸ್ಟ್ರಿಯಲ್ ಎಸ್ಟೇಟ್. ಪೇಪರ್‌ನವರು ಫೋರ್ತ್ ಎಸ್ಟೇಟ್. ಇವಕ್ಕೆಲ್ಲ ಒಂದೇ ಬೇರಾ? ಗೊತ್ತಿರುವವರು ಬರೆಯಿರಿ. ಸುಮ್ನೆ ಡಿಕ್ಷನರಿಯ ಫೋಟೋ ಹಾಕಬೇಡಿ.

ಎರಡೆಕರೆ, ಆಲ್ದೂರು

ಇದರಲ್ಲಿ ಕೇಳುವುದೇನಿದೆ ಮಾರಾಯ್ರೆ. ಎಷ್ಟು, ಏಟು ಸೇರಿ ಎಷ್ಟೇಟು. ಕಾಂಡಕೊರಕದ್ದು ಒಂದು ಏಟು, ಕೊಳೆರೋಗದ್ದು ಒಂದು, ಕೊಯ್ಲಿನ ಹೊತ್ತಿಗೆ ಸರಿಯಾಗಿ ಬರುವ ಮಳೆಯದ್ದು ಒಂದು. ದೊಡ್ಡವರಿಗೆ ಏಟು ಜಾಸ್ತಿ. ನಮ್ಮದು ಎರಡೇ ಎಕರೆ, ಬರೀ ತೋಟ.

ಪಲ್ಪರ್ ಮನೆ, ಮೂಡಿಗೆರೆ

ಎಕರೆ ಲೆಕ್ಕ ಖಂಡಿತ ಅಲ್ಲ. ನಮ್ಮ ಪಕ್ಕದ ಊರಿನಲ್ಲಿ ಒಂದು ಹಳೇ ಮನೆತನ ಇದೆ. ಸುತ್ತಮುತ್ತ ಅವರಷ್ಟು ಕಾಫಿ ಇರುವವರು ಕಡಿಮೆ. ಆದರೂ ಅವರದ್ದು ತೋಟವೇ. ಅಂಗಳ ದಾಟಿದರೆ ಗಿಡ ಶುರು. ಕೆಳಗೆ ಗದ್ದೆ, ಪಕ್ಕದಲ್ಲಿ ಕೊಟ್ಟಿಗೆ. ಯಜಮಾನರು ಬೆಳಿಗ್ಗೆ ಕತ್ತಿ ಹಿಡಿದು ತಾವೇ ಇಳಿಯುತ್ತಾರೆ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಹೊತ್ತಿಗೆ ಯಾವ ಕೊಂಬೆ ಬಿಡಬೇಕು, ಯಾವುದು ಕಡಿಯಬೇಕು ಅಂತ ಕೆಳಗೆ ನಿಂತು ಕೂಗುತ್ತಾರೆ.

ಅಲ್ಲಿಂದ ಸ್ವಲ್ಪ ಮುಂದೆ, ಅವರ ಅರ್ಧದಷ್ಟೂ ಇಲ್ಲದ ಒಂದು ಜಾಗ. ಅದು ಎಸ್ಟೇಟ್. ಯಾಕೆಂದರೆ ಗೇಟ್ ಇದೆ, ಗೇಟಿನ ಮೇಲೆ ಹೆಸರಿದೆ. ಒಳಗೆ ಬಂಗಲೆ. ಬಂಗಲೆಯಿಂದ ದೂರಕ್ಕೆ ಲೈನು, ಅಂದರೆ ಆಳುಗಳ ಸಾಲು ಮನೆ. ಲೈನಿನ ಆಚೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಕಣ, ಗೋಡೌನು. ಹಾಜರಿ, ಲೆಕ್ಕ ಬರೆಯುವ ರೈಟ್ರು ಇದ್ದಾರೆ, ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಇದ್ದಾರೆ. ಮಾಲೀಕರು ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ಇದ್ದರೂ ಬೆಳಿಗ್ಗೆ ಕೆಲಸ ಶುರುವಾಗುತ್ತದೆ.

ನನ್ನ ಲೆಕ್ಕ ಇಷ್ಟೇ. ಆಳುಗಳ ಹಾಜರಿಯನ್ನು ಮನೆಯವರೇ ಬರೆದರೆ ತೋಟ. ಬರೆಯುವುದಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಟ್ಟರೆ ಎಸ್ಟೇಟ್. ಇದಕ್ಕೆ ಒಂದೇ ಒಂದು ವಿನಾಯಿತಿ, ಮದುವೆ ಮಾತುಕತೆ. ಬ್ರೋಕರ್ ಬಾಯಲ್ಲಿ ಐದು ಎಕರೆಯೂ ಎಸ್ಟೇಟೇ!

ಹಾಸನದ ಮೇಷ್ಟ್ರು

ಪಲ್ಪರ್ ಮನೆಯವರು ಹೇಳಿದ್ದು ಈ ಪದದ ಹಳೇ ಅರ್ಥಕ್ಕೆ ತುಂಬಾ ಹತ್ತಿರ ಇದೆ. ಎಸ್ಟೇಟ್ ಅಂದರೆ ಮೊದಲಿಗೆ ಜಮೀನೇ ಅಲ್ಲ.

ಲ್ಯಾಟಿನ್‌ನಲ್ಲಿ ಸ್ತಾರೆ ಅಂದರೆ ನಿಲ್ಲುವುದು. ಅದರಿಂದ ಸ್ತಾತುಸ್, ಅಂದರೆ ನಿಂತಿರುವ ರೀತಿ, ಇರುವ ಸ್ಥಿತಿ. ಹಳೇ ಫ್ರೆಂಚ್‌ನಲ್ಲಿ ಅದು ಎಸ್ತಾತ್ ಆಯಿತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷ್‌ಗೆ ಬಂದವು. 13ನೇ ಶತಮಾನದ ಹೊತ್ತಿಗೆ ಇದೂ ಬಂತು. ಆಗ ಇದರ ಅರ್ಥ ಬರೀ ಸ್ಥಿತಿ, ಅಂತಸ್ತು. ಹುಡುಗ ಬೆಳೆದು ಗಂಡಸಾದರೆ ಅದು ಮ್ಯಾನ್ಸ್ ಎಸ್ಟೇಟ್. ಇಂಗ್ಲೆಂಡಿನ ಚರ್ಚಿನ ಹಳೇ ಮದುವೆ ವಿಧಿಯಲ್ಲಿ ಮದುವೆಯನ್ನೇ ಆನರಬಲ್ ಎಸ್ಟೇಟ್ ಅನ್ನುತ್ತಾರೆ. ಅಲ್ಲಿ ಒಂದು ಗುಂಟೆ ಜಾಗವೂ ಇಲ್ಲ.

ಅಂತಸ್ತು ಜಮೀನಾಗಿದ್ದು ಹೇಗೆ? ಆ ಕಾಲದಲ್ಲಿ ಒಬ್ಬ ಯಾವ ಮಟ್ಟದವನು ಅಂತ ತಿಳಿಯುತ್ತಿದ್ದದ್ದು ಅವನ ಕೈಯಲ್ಲಿರುವ ಭೂಮಿಯಿಂದ. ಹಾಗಾಗಿ ಸ್ಥಿತಿ ಅನ್ನುವ ಪದ ನಿಧಾನಕ್ಕೆ ಆ ಸ್ಥಿತಿಯನ್ನು ಕೊಟ್ಟ ಆಸ್ತಿಗೇ ಅಂಟಿಕೊಂಡಿತು.

ನಮ್ಮಲ್ಲೂ ಇದೇ ನಡೆದಿದೆ, ಗಮನಿಸಿ. "ಅವರು ಸ್ಥಿತಿವಂತರು" ಅಂದರೆ ಏನು? ಸ್ಥಿತಿ ಎಲ್ಲರಿಗೂ ಇರುತ್ತದೆ. ಬಡವರದ್ದೂ ಒಂದು ಸ್ಥಿತಿಯೇ. ಆದರೆ ಸ್ಥಿತಿವಂತ ಅಂದ ಕೂಡಲೇ ದುಡ್ಡು, ಗದ್ದೆ, ತೋಟ ಕಣ್ಣಿಗೆ ಬರುತ್ತದೆ. ಅನುಕೂಲಸ್ಥರು ಅನ್ನುವುದೂ ಹಾಗೇ. ಇನ್ನೂ ಮಜಾ ಏನೆಂದರೆ ಲ್ಯಾಟಿನ್‌ನ ಸ್ತಾ, ಸಂಸ್ಕೃತದ ಸ್ಥಾ ಎರಡೂ ಒಂದೇ ಮೂಲದವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಬುಡದಿಂದ ಬಂದಿರಬೇಕು ಅಂತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತದಲ್ಲಿ ಹೇಳಿದ್ದರು. ಅದರ ಚೆಂದದ ಉದಾಹರಣೆ ಇದು. ಸ್ಥಾನ, ಸ್ಥಳ, ಸ್ಥಿರ, ಸ್ಥಿತಿ ಒಂದು ಕಡೆ. ಸ್ಟೇಟ್, ಸ್ಟೇಟಸ್, ಸ್ಟೇಷನ್, ಎಸ್ಟೇಟ್ ಇನ್ನೊಂದು ಕಡೆ. ಮೈಸೂರು ಸ್ಟೇಟ್ ಅನ್ನು ಮೈಸೂರು ಸಂಸ್ಥಾನ ಅಂದವರು ಬೇರು ನೋಡಿ ಅಂದಿರಲಿಕ್ಕಿಲ್ಲ. ಆದರೆ ಎರಡರೊಳಗೂ ಇರುವುದು ಅದೇ ನಿಲ್ಲುವ ಧಾತು.

ಕೊಪ್ಪದ ಅಡಿಕೆ

ಮೇಷ್ಟ್ರೇ, ಹಾಗಾದರೆ ಆಸ್ತಿ ಕೂಡ ಅದೇ ಗುಂಪಾ? ಎಸ್ಟೇಟ್, ಆಸ್ತಿ, ಕೇಳಲಿಕ್ಕೆ ಹತ್ತಿರ ಇದೆ.

ನಮ್ಮ ಕೊಪ್ಪ, ಶೃಂಗೇರಿ ಕಡೆ ಬರೀ ತೋಟ ಅಂದರೆ ಅಡಿಕೆ ತೋಟ ಅಂತಲೇ ಅರ್ಥ. ಕಾಫಿ ಇದ್ದರೆ ಬಿಡಿಸಿ ಕಾಫಿ ತೋಟ ಅನ್ನಬೇಕು. ಅಡಿಕೆಯನ್ನು ಮಾತ್ರ ಯಾರೂ ಎಸ್ಟೇಟ್ ಅನ್ನುವುದಿಲ್ಲ, ಎಷ್ಟೇ ದೊಡ್ಡದಿರಲಿ.

ಹಾಸನದ ಮೇಷ್ಟ್ರು

ಇಲ್ಲ. ಆಸ್ತಿ ಬಂದದ್ದು ಅಸ್ತಿ, ಅಂದರೆ ಇದೆ, ಅನ್ನುವುದರಿಂದ. ಇರುವುದು ಆಸ್ತಿ. ಆದರೆ ಸ್ಥಿರಾಸ್ತಿ ಅನ್ನಿ, ಆಗ ಮುಂದಿನ ಸ್ಥಿರ ನಮ್ಮ ಗುಂಪಿಗೆ ಸೇರುತ್ತದೆ. ಅಡಿಕೆಯ ಮಾತು ಸರಿಯಾಗಿದೆ. ನಮ್ಮ ಜಿಲ್ಲೆಯ ಅರಸೀಕೆರೆ ಕಡೆ ತೋಟ ಅಂದರೆ ತೆಂಗು. ಅಲ್ಲೂ ಎಸ್ಟೇಟ್ ಇಲ್ಲ.

ಸಕಲೇಶಪುರ ಗೇಟ್

ಅಡಿಕೆಗೆ, ತೆಂಗಿಗೆ ಎಸ್ಟೇಟ್ ಅನ್ನದಿರುವುದಕ್ಕೆ ಕಾರಣ ಸುಲಭ. ಆ ಬೆಳೆಯನ್ನು ನಮಗೆ ಯಾವ ಬ್ರಿಟಿಷ್ ದೊರೆಯೂ ಕಲಿಸಲಿಲ್ಲ.

ಕಾಫಿಯೂ ಬ್ರಿಟಿಷರಿಗಿಂತ ಮುಂಚೆಯೇ ಇತ್ತು. ಬಾಬಾ ಬುಡನ್ 17ನೇ ಶತಮಾನದಲ್ಲಿ ಯೆಮನ್‌ನಿಂದ ಏಳು ಬೀಜ ತಂದು ಗಿರಿಯಲ್ಲಿ ನೆಟ್ಟರು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಆಮೇಲೆ ತುಂಬಾ ಕಾಲ ಅದು ಹಿತ್ತಿಲ ಗಿಡ. ಸಾಲು ಹಿಡಿದು ನೆಟ್ಟು, ಕೂಲಿ ಇಟ್ಟು, ಲೆಕ್ಕ ಬರೆದು, ಹಡಗಿಗೆ ತುಂಬುವ ಬೆಳೆಯಾಗಿದ್ದು 19ನೇ ಶತಮಾನದಲ್ಲಿ. ನಮ್ಮ ಮಂಜರಾಬಾದ್ ಕಡೆ 1856ರಲ್ಲಿ ಬಂದ ರಾಬರ್ಟ್ ಎಲಿಯಟ್ ಇಲ್ಲಿ ಕಾಫಿ ಬೆಳೆಸಿದ ಪ್ಲಾಂಟರ್. ಅಂಥವರು ತಮ್ಮ ದೇಶದಲ್ಲಿ ದೊಡ್ಡ ಮನೆತನದ ಜಮೀನಿಗೆ ಇದ್ದ ಪದವನ್ನು ಇಲ್ಲಿ ಕಡಿದ ಕಾಡಿಗೆ ಇಟ್ಟರು. ಗೇಟು, ಬಂಗಲೆ, ನಾಯಿ, ಕುದುರೆ ಎಲ್ಲವೂ ಆ ಪದದ ಜೊತೆಗೇ ಬಂದವು. ದೊರೆಗಳು ಹೋದ ಮೇಲೆ ಕೊಂಡುಕೊಂಡ ನಮ್ಮವರು ಕುದುರೆ ಬಿಟ್ಟರು, ಪದ ಇಟ್ಟುಕೊಂಡರು.

ಹೆಸರುಗಳನ್ನೂ ನೋಡಿ. ನಮ್ಮ ಕಡೆ ಕಾನು ಅಂದರೆ ದಟ್ಟ ಹಸಿರು ಕಾಡು. ಅದನ್ನು ಇಂಗ್ಲಿಷ್‌ನಲ್ಲಿ ಬರೆದು ಬರೆದು ಎಷ್ಟೋ ಎಸ್ಟೇಟ್ ಹೆಸರುಗಳ ಕೊನೆಯಲ್ಲಿ ಖಾನ್ ಆಗಿದೆ. ಹೊರಗಿನಿಂದ ಬಂದವರು ಯಾವ ಖಾನ್ ಸಾಹೇಬರ ತೋಟ ಇದು ಅಂತ ಕೇಳುತ್ತಾರೆ.

ಗಿರಿಗಾಳಿ, ಚಿಕ್ಕಮಗಳೂರು

ಖಾನ್ ವಿಷಯ ನನಗೆ ಹೊಳೆದೇ ಇರಲಿಲ್ಲ, ಸೂಪರ್. ಮೇಷ್ಟ್ರೇ, ಒಂದು ಕೇಳಬೇಕು. ಲ್ಯಾಟಿನ್‌ನಲ್ಲಿ ಸ್ತಾತುಸ್ ಅಂದಿರಿ. ಮುಂದೆ ಎ ಎಲ್ಲಿಂದ ಬಂತು?

ಹಾಸನದ ಮೇಷ್ಟ್ರು

ನಿಮ್ಮ ಅಜ್ಜಿ ಸ್ಕೂಲಿಗೆ ಏನು ಅನ್ನುತ್ತಿದ್ದರು? ಇಸ್ಕೂಲು, ಅಲ್ವಾ? ಸ್ಟೇಷನ್ನಿಗೆ ಇಸ್ಟೇಷನ್ನು. ಅದೇ ಇದು.

ಪದದ ಶುರುವಿನಲ್ಲೇ ಸ ಜೊತೆ ಇನ್ನೊಂದು ವ್ಯಂಜನ ಬಂದರೆ ಎಷ್ಟೋ ಭಾಷೆಯವರಿಗೆ ನಾಲಿಗೆ ಹೊರಳುವುದಿಲ್ಲ. ಮುಂದೆ ಒಂದು ಸ್ವರ ಇಟ್ಟುಕೊಂಡು ಹತ್ತುತ್ತಾರೆ. ಲ್ಯಾಟಿನ್ ಆಡುತ್ತಿದ್ದ ಜನ ಫ್ರಾನ್ಸಿನಲ್ಲಿ, ಸ್ಪೇನಿನಲ್ಲಿ ಹೀಗೇ ಮಾಡಿದರು. ಸ್ಪ್ಯಾನಿಷ್‌ನಲ್ಲಿ ಶಾಲೆಗೆ ಇವತ್ತಿಗೂ ಎಸ್ಕ್ವೇಲಾ, ರಾಜ್ಯಕ್ಕೆ ಎಸ್ತಾದೋ. ಫ್ರೆಂಚರು ಎ ಸೇರಿಸಿದ ಮೇಲೆ ಮುಂದೆ ಸ ಕಾರವನ್ನೇ ಬಿಟ್ಟರು. ಅವರ ಶಾಲೆ ಎಕೋಲ್, ರಾಜ್ಯ ಎತಾ. ಇಂಗ್ಲಿಷ್ ಎರಡೂ ರೂಪ ಇಟ್ಟುಕೊಂಡಿತು. ಎ ಬಿಟ್ಟಿದ್ದು ಸ್ಟೇಟ್, ಎ ಉಳಿದದ್ದು ಎಸ್ಟೇಟ್. ಸ್ಪೆಷಲ್, ಎಸ್ಪೆಷಲಿ ಕೂಡ ಹಾಗೇ.

ಆದ್ದರಿಂದ ಇಸ್ಕೂಲು ಅಂದವರನ್ನು ನೋಡಿ ನಗುವವರು ಎಸ್ಟೇಟ್ ಅನ್ನುವಾಗಲೂ ನಗಬೇಕು. ಎರಡೂ ಒಂದೇ ರೀತಿ ಹುಟ್ಟಿದ್ದು. ಒಂದಕ್ಕೆ ಇಂಗ್ಲಿಷ್‌ನವರ ಮುದ್ರೆ ಬಿತ್ತು, ಇನ್ನೊಂದಕ್ಕೆ ಬೀಳಲಿಲ್ಲ, ಅಷ್ಟೇ.

ಬೇಲೂರು ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಇಂಗ್ಲೆಂಡಿನ ಕಾನೂನಿನಲ್ಲಿ ಭೂಮಿಯ ಕೊನೆಯ ಒಡೆತನ ಸಿಂಹಾಸನದ್ದು. ಉಳಿದವರಿಗೆ ಇರುವುದು ಭೂಮಿಯಲ್ಲ, ಭೂಮಿಯಲ್ಲಿ ಒಂದು ಎಸ್ಟೇಟ್. ಅಂದರೆ ಅದನ್ನು ಯಾವ ಸ್ಥಾನದಲ್ಲಿ, ಎಷ್ಟು ಕಾಲ ಅನುಭವಿಸಬಹುದು ಅನ್ನುವ ಹಕ್ಕು. ಬದುಕಿರುವ ತನಕ ಮಾತ್ರ ಇದ್ದರೆ ಲೈಫ್ ಎಸ್ಟೇಟ್. ಇಂಥ ಹಕ್ಕುಗಳು ಹಿಂದೆ ಬಗೆಬಗೆಯಾಗಿ ಇದ್ದವು. 1925ರ ಕಾಯ್ದೆ ಭೂಮಿಯಲ್ಲಿ ಕಾನೂನು ಒಪ್ಪುವ ಎಸ್ಟೇಟ್ ಎರಡೇ ಅಂತ ಮಾಡಿತು. ಒಂದು ಶಾಶ್ವತದ್ದು, ಇನ್ನೊಂದು ಅವಧಿಯ ಗುತ್ತಿಗೆ. ಮೇಷ್ಟ್ರು ಹೇಳಿದ ಹಳೇ ಅರ್ಥ ಇಲ್ಲಿ ಹಾಗೇ ಕೂತಿದೆ.

ರಿಯಲ್ ಎಸ್ಟೇಟ್‌ನ ರಿಯಲ್ ಅಂದರೆ ನಿಜವಾದದ್ದು ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ಅದರ ಮೂಲ ಲ್ಯಾಟಿನ್‌ನ ರೆಸ್, ಅಂದರೆ ವಸ್ತು. ಹಳೇ ಇಂಗ್ಲಿಷ್ ಕೋರ್ಟಿನಲ್ಲಿ ಜಮೀನು ಕಳೆದುಕೊಂಡವನು ದಾವೆ ಹೂಡಿ ಆ ಜಮೀನನ್ನೇ ವಾಪಸ್ ಪಡೆಯಬಹುದಿತ್ತು. ಬೇರೆ ಸಾಮಾನಿಗೆ ಸಾಮಾನ್ಯವಾಗಿ ಪರಿಹಾರದ ಹಣ ಮಾತ್ರ. ವಸ್ತುವೇ ಸಿಗುವುದರಿಂದ ಅದು ರಿಯಲ್.

ಇನ್ನು ನಮ್ಮ ದೇಶ. ಇಲ್ಲಿ ಎಸ್ಟೇಟ್ ಒಂದೊಂದು ಕಾಯ್ದೆಯಲ್ಲಿ ಒಂದೊಂದು ವೇಷ ಹಾಕಿದೆ. 1948ರ ಮದ್ರಾಸ್ ಕಾಯ್ದೆಯಲ್ಲಿ ಎಸ್ಟೇಟ್ ರದ್ದು ಅಂದರೆ ಜಮೀನ್ದಾರಿ ರದ್ದು. 1953ರಲ್ಲಿ ಎಸ್ಟೇಟ್ ಡ್ಯೂಟಿ ಅನ್ನುವ ತೆರಿಗೆ ಬಂತು, 1985ರಲ್ಲಿ ಹೋಯಿತು. ಅಲ್ಲಿ ಎಸ್ಟೇಟ್ ಅಂದರೆ ಸತ್ತವರು ಬಿಟ್ಟುಹೋದ ಎಲ್ಲವೂ, ಚಿನ್ನ, ಶೇರು ಸೇರಿ. 1951ರಲ್ಲಿ ಸಂವಿಧಾನಕ್ಕೆ ಸೇರಿಸಿದ 31ಎ ವಿಧಿ ಸ್ಟೇಟ್ ಯಾವುದೇ ಎಸ್ಟೇಟ್ ಅನ್ನು ವಶಪಡಿಸಿಕೊಳ್ಳುವ ಬಗ್ಗೆ ಮಾತಾಡುತ್ತದೆ. ಅಣ್ಣ ತಮ್ಮನ ಜಮೀನು ಕಿತ್ತುಕೊಂಡ ಹಾಗೆ!

ನಿಮಗೆಲ್ಲ ಬೇಕಾದದ್ದು 1942ರ ಕಾಫಿ ಕಾಯ್ದೆ. ಒಂದೇ ಘಟಕವಾಗಿ ನಡೆಸುವ, ಕಾಫಿ ಗಿಡ ಇರುವ ಜಾಗವೇ ಎಸ್ಟೇಟ್ ಅಂತ ಅದರಲ್ಲಿದೆ. ಆ ವ್ಯಾಖ್ಯೆಯಲ್ಲಿ ಎಕರೆಯ ಮಾತಿಲ್ಲ. ಬಂಗಲೆ, ಗೇಟಿನ ಮಾತಂತೂ ಇಲ್ಲವೇ ಇಲ್ಲ. ಕಾಫಿ ಬೋರ್ಡ್ 10 ಹೆಕ್ಟೇರ್, ಅಂದರೆ ಸುಮಾರು 25 ಎಕರೆ ತನಕ ಸಣ್ಣ ಬೆಳೆಗಾರ ಅಂತ ಲೆಕ್ಕ ಹಾಕುತ್ತದೆ. ಅದು ಬೆಳೆಗಾರನ ಅಳತೆ, ಎಸ್ಟೇಟ್‌ನದ್ದಲ್ಲ.

ಭೂ ಸುಧಾರಣೆಯ ಹೊತ್ತಿಗೆ ಗೆದ್ದ ಪದ ಮಾತ್ರ ಬೇರೆ. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆ ಜಮೀನಿನ ಮಿತಿಯಿಂದ ವಿನಾಯಿತಿ ಕೊಟ್ಟಿದ್ದು ಪ್ಲಾಂಟೇಷನ್‌ಗೆ. ಗದ್ದೆ ಮಿತಿಗೆ ಸಿಕ್ಕಿತು, ಕಾಫಿ ಸಿಗಲಿಲ್ಲ. ದೊಡ್ಡ ಎಸ್ಟೇಟ್‌ಗಳು ಇವತ್ತಿಗೂ ದೊಡ್ಡದಾಗಿ ಉಳಿದಿರುವುದಕ್ಕೆ ಅದೊಂದು ಮುಖ್ಯ ಕಾರಣ. ಪಹಣಿ ತೆಗೆದು ನೋಡಿ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 12ರಲ್ಲಿ ಸಾಗುವಳಿ, ಬೆಳೆ. ಗೇಟಿನ ಮೇಲಿರುವ ಹೆಸರಿಗೆ ಅಲ್ಲಿ ಜಾಗವೇ ಇಲ್ಲ.

ಎರಡೆಕರೆ, ಆಲ್ದೂರು

ಅಂದರೆ ಕಾಯ್ದೆ ಪ್ರಕಾರ ನಂದೂ ಎಸ್ಟೇಟ್! ವಕೀಲರೇ ನಿಮಗೆ ಒಂದು ಲೋಟ ಕಾಫಿ ಬಾಕಿ. ನಾಳೆಯಿಂದ ಮನೆಯಲ್ಲಿ ಬೆಲ್ ಹೊಡೆದರೆ ಬಟ್ಲರ್ ಬರಬೇಕು. ಸದ್ಯಕ್ಕೆ ಹೊಡೆದವನೂ ನಾನೇ, ಬರುವವನೂ ನಾನೇ.

ಪಲ್ಪರ್ ಮನೆ, ಮೂಡಿಗೆರೆ

ಹಾಜರಿ ಯಾರು ಬರೆಯುತ್ತಾರೆ ಅಣ್ಣ? ಅತ್ತಿಗೆಯೇ ತಾನೇ? ಹಾಗಾದರೆ ತೋಟ.

ಕಾರ್ ಹುಚ್ಚ, ಹಾಸನ

ವಿಷಯದಿಂದ ಸ್ವಲ್ಪ ಆಚೆ. ಹಿಂದೆ ಉದ್ದಕ್ಕೆ ಸಾಮಾನಿನ ಜಾಗ ಇರುವ ಕಾರಿಗೆ ಬ್ರಿಟನ್‌ನಲ್ಲಿ ಎಸ್ಟೇಟ್ ಕಾರ್ ಅನ್ನುತ್ತಾರೆ. ದೊಡ್ಡ ಜಮೀನಿನ ಮನೆಗಳಲ್ಲಿ ಅತಿಥಿಗಳನ್ನು, ಸಾಮಾನನ್ನು ಸಾಗಿಸುವುದಕ್ಕೆ ಇಟ್ಟ ಗಾಡಿ. ಅಮೆರಿಕದಲ್ಲಿ ಅದೇ ಸ್ಟೇಷನ್ ವ್ಯಾಗನ್, ರೈಲ್ವೆ ಸ್ಟೇಷನ್ನಿನಿಂದ ಜನರನ್ನು ಕರೆತರುವ ಗಾಡಿ. ಮೇಷ್ಟ್ರ ಲೆಕ್ಕದಲ್ಲಿ ಎರಡಕ್ಕೂ ನಿಲ್ಲುವುದೇ ಮೂಲ. ಓಡುವ ಗಾಡಿಗೆ ಎರಡು ದೇಶದವರೂ ನಿಲ್ಲುವ ಹೆಸರು ಇಟ್ಟಿದ್ದಾರೆ.

1992ರಲ್ಲಿ ಬಂದ ಟಾಟಾ ಎಸ್ಟೇಟ್ ನೆನಪಿದೆಯಾ? ಸಿಟಿಯವರು ಅದನ್ನು ಜಾಸ್ತಿ ಹಚ್ಚಿಕೊಳ್ಳಲಿಲ್ಲ. ನನಗಂತೂ ಇವತ್ತಿಗೂ ಅದರಷ್ಟು ಚೆಂದದ ಗಾಡಿ ಇಲ್ಲ.

ಕಳಸದ ಹುಡುಗಿ, ಈಗ ಬೆಂಗಳೂರು

ಫೋರ್ತ್ ಎಸ್ಟೇಟ್ ಬಗ್ಗೆ ಯಾರೂ ಬರೆಯಲಿಲ್ಲ, ನಾನು ಬರೆಯುತ್ತೇನೆ. ಹಳೇ ಫ್ರಾನ್ಸಿನಲ್ಲಿ ಜನರನ್ನು ಮೂರು ಎಸ್ಟೇಟ್ ಮಾಡಿದ್ದರು. ಪಾದ್ರಿಗಳು ಮೊದಲನೆಯದು, ಸರದಾರರು ಎರಡನೆಯದು, ಉಳಿದವರೆಲ್ಲ ಮೂರನೆಯದು. ರೈತ, ವ್ಯಾಪಾರಿ, ವಕೀಲ ಎಲ್ಲರೂ ಆ ಮೂರನೆಯದರಲ್ಲೇ. ಖಜಾನೆ ಖಾಲಿಯಾದಾಗ ರಾಜ 1789ರ ಮೇ ತಿಂಗಳಲ್ಲಿ ಮೂರೂ ಎಸ್ಟೇಟ್‌ಗಳ ಸಭೆ ಕರೆದ. ಅದಕ್ಕೆ ಹಿಂದಿನ ಸಭೆ ನಡೆದದ್ದು 1614ರಲ್ಲಿ! ತಲೆ ಎಣಿಸಿ ಮತ ಹಾಕಬೇಕಾ, ಎಸ್ಟೇಟ್‌ಗೆ ಒಂದರಂತೆ ಹಾಕಬೇಕಾ ಅಂತ ಜಗಳ ಶುರುವಾಯಿತು. ಎಸ್ಟೇಟ್‌ಗೆ ಒಂದು ಅಂದರೆ ಮೇಲಿನ ಇಬ್ಬರು ಸೇರಿ ಯಾವಾಗಲೂ ಗೆಲ್ಲುತ್ತಾರೆ. ಜೂನ್‌ನಲ್ಲಿ ಮೂರನೆಯವರು ನಾವೇ ರಾಷ್ಟ್ರದ ಸಭೆ ಅಂತ ಘೋಷಿಸಿಕೊಂಡರು. ಮುಂದಿನದು ಗೊತ್ತೇ ಇದೆ. ಪತ್ರಿಕೆಯವರು ಈ ಲೆಕ್ಕಕ್ಕೆ ನಾಲ್ಕನೆಯವರಾಗಿ ಸೇರಿದ್ದು ಬ್ರಿಟನ್‌ನಲ್ಲಿ. ಅಲ್ಲಿನ ಮೂರು ಅಂದರೆ ಬಿಷಪ್‌ಗಳು, ಲಾರ್ಡ್‌ಗಳು, ಕಾಮನ್ಸ್.

ಕನ್ನಡದಲ್ಲಿ ನಾಲ್ಕನೇ ಅಂಗ ಅನ್ನುತ್ತೇವೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗದ ಪಕ್ಕಕ್ಕೆ. ಆ ಎಣಿಕೆಯೇ ಬೇರೆ. ಹೊಂದಿಕೊಂಡಿದೆ, ಬಿಡಿ.

ಲೈನ್ ಮನೆ

ನಾನು ಸುಮ್ನೆ ಓದುತ್ತಿದ್ದೆ. ಒಂದು ಮಾತು ಬರೆಯಬೇಕು ಅನಿಸಿತು.

ನಮ್ಮಪ್ಪ, ಅಮ್ಮ ಇಬ್ಬರೂ ಕೆಲಸಕ್ಕೆ ಇದ್ದದ್ದು ಎಸ್ಟೇಟ್‌ನಲ್ಲೇ. ಹುಟ್ಟಿದ್ದೂ ಲೈನಿನಲ್ಲೇ. ಇಲ್ಲಿ ಎಲ್ಲರೂ ಎಸ್ಟೇಟ್ ಅಂದರೆ ಆಸ್ತಿ, ಅಂತಸ್ತು ಅನ್ನುತ್ತಿದ್ದೀರಿ. ನಮಗೆ ಅದು ವಿಳಾಸ. ಊರು ಯಾವುದು ಅಂತ ಸ್ಕೂಲಿನಲ್ಲಿ ಕೇಳಿದರೆ ಎಸ್ಟೇಟ್ ಹೆಸರು ಹೇಳುತ್ತಿದ್ದೆವು. ರೇಷನ್ ಕಾರ್ಡಿನಲ್ಲೂ ಅದೇ. ಅಪ್ಪ ಬೇರೆ ಕಡೆ ಕೆಲಸಕ್ಕೆ ಹೋದಾಗ ನಮ್ಮ ಊರೇ ಬದಲಾಯಿತು. ಒಂದಡಿ ಜಾಗವೂ ನಮ್ಮದಲ್ಲ, ಆದರೆ ಹೆಸರು ಮಾತ್ರ ನಮ್ಮ ಹೆಸರಿನ ಜೊತೆಗೇ ಇತ್ತು. ಎಸ್ಟೇಟ್‌ನವರು ಅಂದರೆ ಪೇಟೆಯಲ್ಲಿ ಮಾಲೀಕರು. ಎಸ್ಟೇಟ್ ಮಕ್ಕಳು ಅಂದರೆ ನಾವು. ಮೇಷ್ಟ್ರು ಇದಕ್ಕೂ ಏನಾದರೂ ಹೇಳಬೇಕು.

ಹಾಸನದ ಮೇಷ್ಟ್ರು

ನೀವು ಹೇಳಿದ್ದಕ್ಕೆ ನಾನು ಸೇರಿಸುವಂಥದ್ದು ಕಡಿಮೆ. ಬ್ರಿಟನ್‌ನಲ್ಲೂ ಇಂಥ ಒಂದು ಬಳಕೆ ಇದೆ. ಸರ್ಕಾರ ಬಾಡಿಗೆಗೆ ಕಟ್ಟಿಸಿಕೊಟ್ಟ ಮನೆಗಳ ಬಡಾವಣೆಗೆ ಅಲ್ಲಿ ಕೌನ್ಸಿಲ್ ಎಸ್ಟೇಟ್ ಅನ್ನುತ್ತಾರೆ. ಎಸ್ಟೇಟ್‌ನಲ್ಲಿ ಬೆಳೆದವನು ಅಂದರೆ ಅಲ್ಲಿ ಬಡವರ ಮನೆಯವನು ಅಂತ ಅರ್ಥ. ಸರದಾರನ ಜಮೀನಿಗೂ ಅದೇ ಪದ, ಬಾಡಿಗೆ ಮನೆಯ ಸಾಲಿಗೂ ಅದೇ ಪದ. ಒಂದೇ ಯಜಮಾನಿಕೆಯಲ್ಲಿ, ಒಂದೇ ಯೋಜನೆಯಲ್ಲಿ ಇರುವ ಜಾಗ ಅನ್ನುವುದಷ್ಟೇ ಅಲ್ಲಿ ಉಳಿದಿದೆ. ಇಂಡಸ್ಟ್ರಿಯಲ್ ಎಸ್ಟೇಟ್ ಕೂಡ ಇದೇ ಅರ್ಥದ್ದು. ಮ್ಯಾಂಚೆಸ್ಟರ್ ಹತ್ತಿರದ ಟ್ರಾಫರ್ಡ್ ಪಾರ್ಕ್ 1896ರಲ್ಲಿ ಶುರುವಾಯಿತು, ಅದನ್ನೇ ಮೊದಲನೆಯದು ಅನ್ನುತ್ತಾರೆ. ಅದೂ ಮೊದಲು ಒಬ್ಬ ಸಿರಿವಂತ ಮನೆತನದ ಎಸ್ಟೇಟೇ. ಮಾರಿದ ಮೇಲೆ ಕಾರ್ಖಾನೆಗಳು ಬಂದವು. ನಮ್ಮಲ್ಲಿ ಅದನ್ನು ಕೈಗಾರಿಕಾ ವಸಾಹತು ಅಂತ ಬೋರ್ಡಿನಲ್ಲಿ ಬರೆಯುತ್ತಾರೆ. ಹಾಸನದಲ್ಲಿ ಹಾಗೆ ಹೇಳಿದರೆ ಆಟೋದವರು ಎರಡು ಸಲ ಕೇಳುತ್ತಾರೆ. ಇಂಡಸ್ಟ್ರಿಯಲ್ ಎಸ್ಟೇಟ್ ಅಂದರೆ ತಕ್ಷಣ ಹೊರಡುತ್ತಾರೆ.

ಹಳೇ ರೈಟ್ರು, ಹಾನುಬಾಳು

ತಡವಾಗಿ ನೋಡಿದೆ. ರೈಟರ್ ಕೆಲಸ ತುಂಬಾ ವರ್ಷ ಮಾಡಿದವನು ನಾನು. ನನ್ನ ಮಗ ಸಣ್ಣವನಿದ್ದಾಗ ಅಪ್ಪ ರೈಟರ್ ಅಂತ ಸ್ಕೂಲಿನಲ್ಲಿ ಹೇಳಿ, ಟೀಚರ್ ಯಾವ ಕಾದಂಬರಿ ಬರೆದಿದ್ದಾರೆ ಅಂತ ಕೇಳಿದ್ದರು.

ಈ ರೈಟರ್ ಈಸ್ಟ್ ಇಂಡಿಯಾ ಕಂಪನಿ ಕಾಲದ್ದು. ಕಂಪನಿಯ ನೌಕರಿಯಲ್ಲಿ ಎಲ್ಲರಿಗಿಂತ ಕೆಳಗಿನ ಗುಮಾಸ್ತ ಹುಡುಗರಿಗೆ ರೈಟರ್ ಅನ್ನುತ್ತಿದ್ದರು. ಕಲ್ಕತ್ತದ ರೈಟರ್ಸ್ ಬಿಲ್ಡಿಂಗ್ 1777ರಲ್ಲಿ ಶುರುವಾಗಿದ್ದು ಅವರಿಗಾಗಿ. ಮೇಸ್ತ್ರಿ ಪೋರ್ಚುಗೀಸರ ಮೆಸ್ತ್ರೆ. ಅದೂ ಇಂಗ್ಲಿಷ್‌ನ ಮಾಸ್ಟರ್ ಕೂಡ ಒಂದೇ ಲ್ಯಾಟಿನ್ ಪದದ್ದು. ಹಾಗಾಗಿ ಈ ಚರ್ಚೆಯ ಮೇಷ್ಟ್ರು, ನಮ್ಮ ಮೇಸ್ತ್ರಿ ಇಬ್ಬರೂ ಮೂಲದಲ್ಲಿ ಒಂದೇ. ಬಂಗಲೆ ಅಂದರೆ ಬಂಗಾಳದ ಮಾದರಿ ಮನೆ. ಇಲ್ಲಿಂದ ಇಂಗ್ಲಿಷ್‌ಗೆ ಹೋಗಿ, ದೊರೆಗಳ ಜೊತೆ ನಮ್ಮ ಮಲೆನಾಡಿಗೆ ಬಂತು.

ಪಲ್ಪರ್ ಮನೆಯವರಿಗೆ ಒಂದು ಮಾತು. ಹಾಜರಿ ಬರೆಯುವವನು ಇದ್ದರೆ ಎಸ್ಟೇಟ್ ಅಂದಿರಿ. ಈಗ ಎಷ್ಟೋ ದೊಡ್ಡ ಕಡೆ ರೈಟ್ರೇ ಇಲ್ಲ. ಲೈನು ಖಾಲಿ. ಕೊಯ್ಲಿಗೆ ಹೊರಗಿನಿಂದ ಜೀಪಿನಲ್ಲಿ ಜನ ಬರುತ್ತಾರೆ. ಕೊಯ್ದ ಹಣ್ಣನ್ನು ತೂಕಕ್ಕೆ ಹಾಕಿ, ಕಿಲೋ ಲೆಕ್ಕದಲ್ಲಿ ದುಡ್ಡು ಎಣಿಸಿ ಹೋಗುತ್ತಾರೆ. ಹಾಜರಿಯ ಚೆಕ್‌ರೋಲ್ ಪುಸ್ತಕದ ಜಾಗದಲ್ಲಿ ಮಾಲೀಕರ ಫೋನು. ನಿಮ್ಮ ಲೆಕ್ಕದಲ್ಲಿ ಅವೆಲ್ಲ ಈಗ ತೋಟವಾ?

ಪಲ್ಪರ್ ಮನೆ, ಮೂಡಿಗೆರೆ

ರೈಟ್ರೇ, ಅದಕ್ಕೆ ಉತ್ತರ ಗೇಟಿನಲ್ಲೇ ಇದೆ. ನಮ್ಮ ಕಡೆ ಕೆಲವರು ಎಸ್ಟೇಟ್ ಬೋರ್ಡ್ ತೆಗೆದು ಹೋಂಸ್ಟೇ ಬೋರ್ಡ್ ಹಾಕಿದ್ದಾರೆ. ಬಂಗಲೆಗೆ ಪೇಂಟ್ ಆಗಿದೆ, ಕಣದಲ್ಲಿ ಕ್ಯಾಂಪ್‌ಫೈರ್. ನಮ್ಮದರಲ್ಲಿ ಸದ್ಯಕ್ಕೆ ಪಲ್ಪರ್ ಓಡುತ್ತಿದೆ. ಆದರೆ ಬೆಲ್ಟ್ ಹರಿಯುತ್ತಾ ಬಂದಿದೆ. ಮೂಡಿಗೆರೆಯಲ್ಲಿ ಒಳ್ಳೆಯದು ಎಲ್ಲಿ ಸಿಗುತ್ತದೆ ಅಂತ ಯಾರಾದರೂ ಹೇಳಿ.